ವಿವಿ ಹೆಸರು ಆಮೇಲೆ, ಮೊದಲು ಕಾಲೇಜು ನೋಡಿ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ಶುರು: ಮೈಸೂರು ವಿವಿ ಒಳ್ಳೇದಾ, ಬೆಂಗಳೂರು ವಿವಿನಾ, ಧಾರವಾಡದ ಕರ್ನಾಟಕ ವಿವಿನಾ? ಹಳೇದು ಅಂದ್ರೆ ಮೈಸೂರು, 1916ರದ್ದು. ಆದ್ರೆ ಡಿಗ್ರಿಗೆ ಸೇರೋರಿಗೆ ಈ ಪ್ರಶ್ನೆಯೇ ಅರ್ಧಂಬರ್ಧ.

ನೀವು ಮೂರು ವರ್ಷ ಕೂರೋದು ಕಾಲೇಜಿನ ಬೆಂಚಲ್ಲಿ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ವಿವಿಗೆ ಸಂಯೋಜಿತ ಅಷ್ಟೇ. ಸಿಲಬಸ್, ಪರೀಕ್ಷೆ, ಅಂಕಪಟ್ಟಿ ವಿವಿದು. ಪಾಠ, ಲ್ಯಾಬು, ಲೈಬ್ರರಿ ಕಾಲೇಜಿಂದು. ಮೈಸೂರಿನ ಮಹಾರಾಜ, ಯುವರಾಜ ಕಾಲೇಜುಗಳ ಕತೆ ಬೇರೆ, ಅವು ವಿವಿಯದ್ದೇ ಘಟಕ ಕಾಲೇಜುಗಳು. ಸ್ವಾಯತ್ತ ಕಾಲೇಜಾದ್ರೆ ಸಿಲಬಸ್ಸೂ ಪರೀಕ್ಷೆಯೂ ತನ್ನದೇ, ಪದವಿ ಮಾತ್ರ ವಿವಿ ಹೆಸರಲ್ಲಿ.

ಇಂಜಿನಿಯರಿಂಗಾ? ಬಹುತೇಕ ಕಾಲೇಜುಗಳು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಅಡಿ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿದ ಬೆಂಗಳೂರಿನ ಯುವಿಸಿಇ ಅಂತೂ ಈಗ ಸ್ವತಃ ಒಂದು ವಿವಿ.

ಹಾಗಾದ್ರೆ ಹೋಲಿಸೋದು ಹೇಗೆ? ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್ ಗ್ರೇಡ್ ನೋಡಿ, ಯಾವ ವರ್ಷದ್ದು ಅಂತಾನೂ ನೋಡಿ. ನನ್ನ ಕೇಳಿದ್ರೆ ಅದಕ್ಕಿಂತ ದೊಡ್ಡ ಪ್ರಶ್ನೆ ಇದು: ನಿಮ್ಮ ವಿಷಯಕ್ಕೆ ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಅತಿಥಿಗಳು ಚೆನ್ನಾಗಿ ಪಾಠ ಮಾಡಲ್ಲ ಅಂತಲ್ಲ, ಎಷ್ಟೋ ಕಡೆ ವಿಭಾಗ ನಡೀತಿರೋದೇ ಅವರಿಂದ. ಆದ್ರೆ ಅವರ ನೇಮಕ ತಡವಾದ್ರೆ, ಸೆಮಿಸ್ಟರ್ ಶುರುವಾದ್ರೂ ಪಾಠ ಶುರುವಾಗಲ್ಲ. ಇದನ್ನ ಯಾವ ಬ್ರೋಷರೂ ಹೇಳಲ್ಲ. ಕಾಲೇಜಿಗೇ ಹೋಗಿ, ಎರಡನೇ ವರ್ಷದವರನ್ನ ಕ್ಯಾಂಟೀನಲ್ಲಿ ಹಿಡಿದು ಕೇಳಿ. ಹಾಸ್ಟೆಲ್ ಸೀಟಿನ ವಿಚಾರಾನೂ ಅವರನ್ನೇ ಕೇಳಿ.