ಕಿವಿ ಮಂದವಾದಾಗ

ಕಣ್ಣು ಮಂಜಾದವನು ಕನ್ನಡಕ ಧರಿಸಲು ನಾಚುವುದಿಲ್ಲ. ಕಿವಿ ಮಂದವಾದವನಾದರೋ ಅದನ್ನು ಬಚ್ಚಿಡಲು ಹೆಣಗುತ್ತಾನೆ. ಕೇಳಿಸದ ಮಾತಿಗೂ ತಲೆಯಾಡಿಸುತ್ತಾನೆ. ಕ್ರಮೇಣ ಜನರ ಸಂಗವನ್ನೇ ತೊರೆಯುತ್ತಾನೆ. ಜಗದ್ವಿಖ್ಯಾತ ಸಂಗೀತಕಾರನಾದ ಬೇಥೊವೆನನೂ ಹಾಗೆಯೇ ಮಾಡಿದನು.

1770ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಜನಿಸಿದ ಈತನು ವಿಯೆನ್ನಾದಲ್ಲಿ ನೆಲಸಿ ಕೀರ್ತಿವಂತನಾದನು. ಮೂವತ್ತು ತುಂಬುವ ಮೊದಲೇ ಅವನ ಶ್ರವಣಶಕ್ತಿ ಕುಂದತೊಡಗಿತು. 1801ರಲ್ಲಿ ವೈದ್ಯಮಿತ್ರ ವೇಗೆಲರನಿಗೆ ಬರೆದ ಪತ್ರದಲ್ಲಿ ತನ್ನ ಸ್ಥಿತಿಯನ್ನು ತಿಳಿಸಿದನು. ಕಿವಿಗಳು ಹಗಲಿರುಳೂ ಮೊರೆಯುತ್ತಿದ್ದುವು. ದೂರದ ವಾದ್ಯಗಳ ತಾರಸ್ಥಾಯಿಯ ಸ್ವರಗಳು ಕೇಳಿಸುತ್ತಿರಲಿಲ್ಲ. ಮೆಲ್ಲಗೆ ಮಾತನಾಡಿದರೆ ದನಿ ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ, ಕೂಗಿದರೆ ಸಹಿಸಲಾಗುತ್ತಿರಲಿಲ್ಲ.

ಒಳಕಿವಿಗೆ ಘಾಸಿಯಾದವರಲ್ಲಿ ಇಂತಹ ಲಕ್ಷಣಗಳು ಸಾಮಾನ್ಯ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಭಾಗವೊಂದಿದೆ. ಅದರೊಳಗಿನ ಸಾವಿರಾರು ರೋಮಕೋಶಗಳು ಶಬ್ದದ ಕಂಪನಗಳನ್ನು ನರಸಂದೇಶಗಳನ್ನಾಗಿ ಮಾರ್ಪಡಿಸುತ್ತವೆ. ಒಮ್ಮೆ ನಶಿಸಿದ ರೋಮಕೋಶ ಮನುಷ್ಯನಲ್ಲಿ ಮತ್ತೆ ಬೆಳೆಯದು. ಸಾಮಾನ್ಯವಾಗಿ ತಾರಸ್ಥಾಯಿಯ ಶಬ್ದಗಳನ್ನು ಗ್ರಹಿಸುವ ಕೋಶಗಳೇ ಮೊದಲು ನಶಿಸುತ್ತವೆ. ಸ, ತ ಮೊದಲಾದ ವ್ಯಂಜನಗಳ ಗುರುತು ಇರುವುದು ಆ ಸ್ಥಾಯಿಯಲ್ಲಿಯೇ. ಆದುದರಿಂದ ‘ಕಾಸು’ ಎಂದರೋ ‘ತಾಸು’ ಎಂದರೋ ಅಂಥವರಿಗೆ ತಿಳಿಯುವುದು ಕಷ್ಟ. ಕೂಗಿದರೆ ಗದ್ದಲ ಹೆಚ್ಚುವುದೇ ಹೊರತು ಸ್ಪಷ್ಟತೆ ಹೆಚ್ಚದು. ಕಿವಿಯಿಂದ ಬರುವ ಸಂದೇಶಗಳು ಕಡಿಮೆಯಾದಾಗ ಮಿದುಳು ಅತಿಯಾಗಿ ಚುರುಕುಗೊಳ್ಳುವುದೇ ಕಿವಿಮೊರೆತಕ್ಕೆ ಒಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಸಂಗೀತಗಾರನೇ ಕಿವುಡನೆಂದರೆ ವೈರಿಗಳು ಏನೆಂದಾರು! ಈ ಅಳುಕಿನಿಂದ ಬೇಥೊವೆನನು ಸುಮಾರು ಎರಡು ವರ್ಷ ಕೂಟಗಳಿಂದ ದೂರ ಉಳಿದನು. ಸಂಗಡಿಗನಿಗೆ ಕೇಳಿಸಿದ ಕೊಳಲಿನ ದನಿ ತನಗೆ ಕೇಳಿಸದೆ ಕುಗ್ಗಿಹೋದನು. ಬದುಕೇ ಬೇಡವೆನಿಸಿದಾಗ ಕಲೆಯೊಂದೇ ತನ್ನನ್ನು ತಡೆಯಿತೆಂದು 1802ರಲ್ಲಿ ಸೋದರರಿಗೆ ಬರೆದಿಟ್ಟನು. 1806ರಲ್ಲಿ ಮಾತ್ರ, ಕಿವುಡುತನವು ಇನ್ನು ಗುಟ್ಟಾಗಿರಬೇಕಾಗಿಲ್ಲ ಎಂಬರ್ಥದ ಮಾತನ್ನು ಸಂಗೀತದ ಕರಡು ಹಾಳೆಯ ಮೇಲೆ ತನಗೆ ತಾನೇ ಬರೆದುಕೊಂಡನು.

ಗುಟ್ಟು ಬಿಟ್ಟವನಿಗೆ ಉಪಾಯಗಳು ಒದಗಿದುವು. ಮೆಲ್ಟ್ಸೆಲ್ ಎಂಬವನು ಅವನಿಗೆ ಕಿವಿಗೆ ಹಿಡಿಯುವ ಕಹಳೆಗಳನ್ನು ಮಾಡಿಕೊಟ್ಟನು. 1818ರಿಂದ ಬಂದವರು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವನು ಬಾಯಿಯಿಂದ ಉತ್ತರಿಸುತ್ತಿದ್ದನು. ಅಂತಹ ನೂರಕ್ಕೂ ಹೆಚ್ಚು ಪುಸ್ತಕಗಳು ಇಂದಿಗೂ ಉಳಿದಿವೆ. 1824ರ ಮೇ 7ರಂದು ಅವನ ಒಂಬತ್ತನೆಯ ಸಿಂಫನಿ ವಿಯೆನ್ನಾದಲ್ಲಿ ಮೊದಲ ಬಾರಿ ಮೊಳಗಿತು. ಸಭೆಯ ಕರತಾಡನ ಅವನಿಗೆ ಕೇಳಿಸಲಿಲ್ಲ. ಗಾಯಕಿ ಊಂಗರ್ ಅವನನ್ನು ಸಭಿಕರತ್ತ ತಿರುಗಿಸಿದಳು. ಆಗ ಅವನು ಅದನ್ನು ಕಣ್ಣಾರೆ ಕಂಡನು.

ಇಂದು ಶ್ರವಣಸಾಧನಗಳಿವೆ, ಪರೀಕ್ಷಿಸುವ ತಜ್ಞರಿದ್ದಾರೆ. ಮೊರೆತ ಕಾಡುವ ರಾತ್ರಿಗಳಲ್ಲಿ ಫ್ಯಾನಿನ ಮೆಲುದನಿಯೂ ಹಲವರಿಗೆ ನೆಮ್ಮದಿ ನೀಡುತ್ತದೆ. ಆದರೆ ಮೊದಲ ಮದ್ದು, ‘ನನಗೆ ಕೇಳಿಸುತ್ತಿಲ್ಲ’ ಎಂದು ಹೇಳುವ ಧೈರ್ಯ. ಹಾಗೆ ಹೇಳಿದವರನ್ನು ನಗೆಯಾಡದೆ, ಬೆಳಕಿನಲ್ಲಿ ಎದುರು ನಿಂತು, ಕೂಗದೆ, ನಿಧಾನವಾಗಿ ಸ್ಪಷ್ಟವಾಗಿ ಮಾತನಾಡುವುದು ಉಳಿದವರ ಕರ್ತವ್ಯ.