ಸಾಲ್ಸಾ ರಾತ್ರಿ: ಊರಲ್ಲಿ ಕೇಳುವ ಮಾತು, ಕುಣಿಯುವಲ್ಲಿ ಕಾಣುವ ನಿಜ

ಶಿಕಾರಿಪುರ, ಸೊರಬದ ಕಡೆಯಿಂದ ಕೆಲಸಕ್ಕೆಂದು ಬೆಂಗಳೂರು ಸೇರಿದ ಹುಡುಗ ಹುಡುಗಿಯರಲ್ಲಿ ವಾರದ ಒಂದು ಸಂಜೆ ಸಾಲ್ಸಾ ಕುಣಿಯಲು ಹೋಗುವವರಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮಾತ್ರ ಆ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಏನು ಕೇಳಬೇಕಾಗುತ್ತದೆಂದು ಅವರಿಗೆ ಗೊತ್ತು: ‘ಅದು ಕುಡಿಯೋರ ಜಾಗ’, ‘ಜೋಡಿ ಇದ್ದೋರ ಆಟ’, ‘ಬಿಳಿಯರ ಕುಣಿತ ನಮಗ್ಯಾಕೆ?’ ಈ ಕೊನೆಯ ಮಾತನ್ನೇ ಮೊದಲು ನೋಡೋಣ. ಅದರಲ್ಲಿ ನಮ್ಮ ಬಗೆಗಿನ ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ.

ಸಾಲ್ಸಾ ಸ್ಪೇನಿನಿಂದ ಬಂದದ್ದಲ್ಲ. ಅದರ ಬೇರು ಕ್ಯೂಬಾದ ಪೂರ್ವಭಾಗದ ‘ಸೋನ್’ ಎಂಬ ಹಾಡು-ಕುಣಿತದಲ್ಲಿದೆ. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕದಿಂದ ಹಿಡಿದು ತಂದ ಜನ ತಮ್ಮ ಚರ್ಮವಾದ್ಯದ ಲಯವನ್ನು ಮರೆಯಲಿಲ್ಲ. ಆ ಲಯವೂ ಸ್ಪೇನಿನವರ ತಂತಿವಾದ್ಯವೂ ಕೂಡಿ ಸೋನ್ ಹುಟ್ಟಿತು. ಅಲ್ಲಿಂದ ಹವಾನಾ, ಆಮೇಲೆ ನ್ಯೂಯಾರ್ಕ್. 1950ರ ದಶಕದಲ್ಲಿ ಅಲ್ಲಿನ ಪ್ಯಾಲೇಡಿಯಂ ಸಭಾಂಗಣದಲ್ಲಿ ಕರಿಯರು, ಬಿಳಿಯರು, ಪೋರ್ಟೊ ರಿಕೊದಿಂದ ವಲಸೆ ಬಂದವರು ಒಂದೇ ನೆಲದ ಮೇಲೆ ಕ್ಯೂಬಾ ಮೂಲದ ಮಾಂಬೊ ಕುಣಿದರು. ಅಮೆರಿಕದಲ್ಲಿ ಬಣ್ಣ ನೋಡಿ ಜನರನ್ನು ಬೇರೆ ಕೂರಿಸುತ್ತಿದ್ದ ಕಾಲ ಅದು. 1964ರಲ್ಲಿ ಫಾನಿಯಾ ಎಂಬ ಧ್ವನಿಮುದ್ರಣ ಸಂಸ್ಥೆ ಹುಟ್ಟಿತು. 1971ರ ಆಗಸ್ಟ್‌ 26ರಂದು ಅದರ ಕಲಾವಿದರು ನ್ಯೂಯಾರ್ಕಿನ ಚೀಟಾ ಕ್ಲಬ್ಬಿನಲ್ಲಿ ನಡೆಸಿದ ಕಛೇರಿಯ ನಂತರದ ವರ್ಷಗಳಲ್ಲಿ ಸಾಲ್ಸಾ ಎಂಬ ಹೆಸರು ಜಗತ್ತಿಗೆ ಹಬ್ಬಿತು. ಬಡವರ, ವಲಸೆ ಬಂದವರ ಕುಣಿತ ಇದು.

ಇನ್ನು ‘ನಮ್ಮ ಕಡೆಯವರಿಗೆ ಇದು ಒಗ್ಗುವುದಿಲ್ಲ’ ಎಂಬ ಮಾತು. ಡೊಳ್ಳು ಕೇಳಿ ಬೆಳೆದವರು ಹೀಗೆ ಹೇಳಿದರೆ ನನಗೆ ಬೇಸರವಾಗುತ್ತದೆ. ಲಯವೂ ಕುಣಿತವೂ ನಮ್ಮ ಕಡೆಗೆ ಹೊಸವಲ್ಲ. ಹರಿಹರನ ರಗಳೆಯಲ್ಲಿ ಬರುವ ಅಲ್ಲಮ ಮದ್ದಳೆಗಾರ; ಊರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಬೇಲೂರಿನ ಮದನಿಕೆಯರಲ್ಲಿ ಹಲವರನ್ನು ಕಡೆದ ದಾಸೋಜನೂ ಬಳ್ಳಿಗಾವಿಯವನೇ. ಬೀರಪ್ಪನ ಗುಡಿಯ ಮುಂದೆ ಕುರುಬರು ಬಾರಿಸುವ ಡೊಳ್ಳನ್ನು ಸಾಗರ, ಸೊರಬದ ಕಡೆ ದೀವರ ತಂಡಗಳೂ ಹೆಗಲಿಗೇರಿಸಿಕೊಂಡಿವೆ. ಈಚೆಗೆ ಹೆಂಗಸರ ತಂಡಗಳೂ ಬಂದಿವೆ. ಡೊಳ್ಳಿನಲ್ಲಿ ಬಾರಿಸುವವನೇ ಕುಣಿಯುವವನು; ಪೆಟ್ಟು ಎಲ್ಲಿ ಬೀಳುತ್ತದೋ ಹೆಜ್ಜೆಯೂ ಅಲ್ಲೇ. ಸಾಲ್ಸಾದ ಕಾಂಗಾ ಕೂಡ ಚರ್ಮವಾದ್ಯವೇ; ಬರಿಗೈಯಲ್ಲಿ ಬಡಿಯುವಂಥದ್ದು, ಮಧ್ಯ ಆಫ್ರಿಕದ ವಾದ್ಯಗಳ ವಂಶದ್ದು.

ಗಂಡು ಹೆಣ್ಣು ಕೈ ಹಿಡಿದು ಕುಣಿಯುವ ವಾಡಿಕೆ ನಮ್ಮ ಊರುಗಳಲ್ಲಿ ಇಲ್ಲ, ನಿಜ. ಆದರೆ ವೃತ್ತದಲ್ಲಿ ನಿಂತು ಜೊತೆಗಾರರನ್ನು ಬದಲಿಸುತ್ತ ಹೋಗುವುದು ಕೋಲಾಟ ಆಡಿದ ಯಾರಿಗೂ ಹೊಸದಲ್ಲ. ಹವಾನಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ‘ರುವೇಡಾ’ ಎಂಬ ಬಗೆಯೂ ಹೀಗೆಯೇ: ಜೋಡಿಗಳು ದುಂಡಗೆ ನಿಲ್ಲುತ್ತವೆ, ಒಬ್ಬರು ಕೂಗಿ ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ತಿರುಗಿ ಪಕ್ಕದ ಜೊತೆಗಾರರ ಕೈ ಹಿಡಿಯುತ್ತಾರೆ. ಇಡೀ ಸಂಗೀತಕ್ಕೆ ಆಧಾರವಾದ ‘ಕ್ಲಾವೆ’ ಎಂಬ ವಾದ್ಯವೂ ಕೋಲಾಟದ ಕೋಲಿಗಿಂತ ಗಿಡ್ಡನೆಯ ಎರಡು ಗಟ್ಟಿಮರದ ತುಂಡು. ಎಂಟು ಎಣಿಕೆಯೊಳಗೆ ಐದು ಪೆಟ್ಟು. ಉಳಿದ ವಾದ್ಯಗಳೆಲ್ಲ ಆ ಐದನ್ನು ನಂಬಿಕೊಂಡು ನಡೆಯುತ್ತವೆ.

ರಿಯಾಲಿಟಿ ಶೋ ನೋಡಿದವರು ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿರಬೇಕು ಎಂದುಕೊಳ್ಳುತ್ತಾರೆ. ಅದು ವೇದಿಕೆಯ ಮಾತು. ಕ್ಲಬ್ಬಿನ ರಾತ್ರಿಯಲ್ಲಿ ಮುಂದಿನ ಹಾಡು ಯಾವುದೆಂದೇ ಕುಣಿಯುವವರಿಗೆ ಗೊತ್ತಿರುವುದಿಲ್ಲ. ಎಂಟು ಎಣಿಕೆಯಲ್ಲಿ ಸಾಮಾನ್ಯವಾಗಿ ಹೆಜ್ಜೆ ಆರೇ. ನಾಲ್ಕರಲ್ಲಿ, ಎಂಟರಲ್ಲಿ ಬಿಡುವು. ಇದಿಷ್ಟು ಕಾಲಿಗೆ ಬಂದ ಮೇಲೆ ಒಬ್ಬರು ಅಂಗೈಯಿಂದ ಸೂಚನೆ ಕೊಡುತ್ತಾರೆ, ಇನ್ನೊಬ್ಬರು ಅದನ್ನು ಅರಿತು ತಿರುಗುತ್ತಾರೆ. ಎಳೆದಾಡುವವರಿಗೆ ಸಾಲ್ಸಾ ಬರುವುದಿಲ್ಲ. ಸೂಚನೆ ಹಗುರವಾಗಿದ್ದಷ್ಟೂ ಕುಣಿತ ಚೆನ್ನ.

ಜೋಡಿ ಬೇಕೇ? ಬೇಡ. ಒಬ್ಬರೇ ಹೋಗುವವರು ಬಹಳ. ಒಂದು ಹಾಡಿಗೆ ಒಬ್ಬರ ಜೊತೆ, ನಾಲ್ಕೈದು ನಿಮಿಷ. ಹಾಡು ಮುಗಿದರೆ ಥ್ಯಾಂಕ್ಸ್ ಹೇಳಿ ಬೇರೆಯಾಗುತ್ತಾರೆ. ಮುಂದಿನ ಹಾಡಿಗೆ ಹೆಂಗಸರೂ ಹೋಗಿ ಕೇಳಬಹುದು, ಯಾರು ಬೇಕಾದರೂ ಒಲ್ಲೆ ಅನ್ನಬಹುದು. ಕಾರಣ ಕೊಡಬೇಕಾಗಿಲ್ಲ. ಕೈ ಹಿಡಿದ ರೀತಿ ಸರಿ ಕಾಣದಿದ್ದರೆ ಹಾಡಿನ ನಡುವೆಯೇ ಬಿಟ್ಟು ಬರಬಹುದು. ಇಂಥ ರಾತ್ರಿಗಳಲ್ಲಿ ಕೆಟ್ಟದಾಗಿ ವರ್ತಿಸುವವರೇ ಇಲ್ಲವೆಂದು ನಾನು ಹೇಳಲಾರೆ. ಅದಕ್ಕಾಗಿಯೇ ಈ ಮರ್ಯಾದೆಗಳನ್ನು ಮೊದಲ ದಿನವೇ ಕಲಿಯಬೇಕು, ಕಲಿಸಬೇಕು.

ಮೈಗೆ ಮೈ ತಾಗಿಸಿ ಕುಣಿಯುವುದನ್ನೆಲ್ಲ ಜನ ಸಾಲ್ಸಾ ಅನ್ನುತ್ತಾರೆ. ಅದೇ ರಾತ್ರಿ ಡೊಮಿನಿಕನ್ ಗಣರಾಜ್ಯದ ಬಚಾಟಾ, ಅಂಗೋಲಾದ ಕಿಜೋಂಬಾ ಹಾಡುಗಳನ್ನೂ ಹಾಕುತ್ತಾರೆ. ಹತ್ತಿರ ನಿಂತು ಕುಣಿಯುವುದು ಹೆಚ್ಚಾಗಿ ಅವುಗಳಲ್ಲಿ. ಸಾಲ್ಸಾದಲ್ಲಿ ತಿರುಗಲು ಜಾಗ ಬೇಕು, ಹಾಗಾಗಿ ನಡುವೆ ಒಂದು ಕೈಯಳತೆಯ ಅಂತರ. ಇನ್ನು ‘ಕುಡಿಯೋರ ಜಾಗ’ ಎಂಬ ಮಾತು. ಕ್ಲಬ್ಬಿನಲ್ಲಿ ಮದ್ಯ ಮಾರುತ್ತಾರೆ ನಿಜ, ಆದರೆ ಗಿರಗಿರ ತಿರುಗುವವರಿಗೆ ಮದ್ಯ ಹೊಂದುವುದಿಲ್ಲ. ಅವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ನೀರಿನ ಬಾಟಲಿ, ಚೀಲದಲ್ಲಿ ಟವೆಲ್ಲು, ಬೆವರಿಗೆ ಇನ್ನೊಂದು ಅಂಗಿ.

ಹೊಸದಾಗಿ ಹೋಗುವವರು ಬೇಗ ಹೋಗಬೇಕು. ಕುಣಿತ ಶುರುವಾಗುವ ಮೊದಲು ಹೊಸಬರಿಗೆ ಪಾಠ ಇಡುವುದು ಹಲವು ಕಡೆ ರೂಢಿ. ರಬ್ಬರ್ ಅಟ್ಟೆಯ ಶೂ ಬೇಡ. ನೆಲಕ್ಕೆ ಕಚ್ಚಿಕೊಂಡು ತಿರುಗುವಾಗ ಮೊಣಕಾಲು ಉಳುಕುತ್ತದೆ, ಚರ್ಮದ ಅಟ್ಟೆ ಒಳ್ಳೆಯದು.

ಊರಿನಲ್ಲಿರುವ ತಂದೆತಾಯಿ ಚಿಂತಿಸಬೇಕಾದ್ದು ಕುಣಿತದ ಬಗ್ಗೆ ಅಲ್ಲ, ರೂಮಿಗೆ ವಾಪಸು ಹೋಗುವ ದಾರಿಯ ಬಗ್ಗೆ. ಬೆಂಗಳೂರಿನ ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ. ಕುಣಿತ ರಂಗೇರುವುದು ಆ ಹೊತ್ತಿಗೇ. ‘ಯಾಕೆ ಹೋಗ್ತೀಯ’ ಎಂದು ಗದರುವ ಬದಲು ‘ಯಾರ ಜೊತೆ ವಾಪಸು ಬರ್ತೀಯ, ರೂಮು ಮುಟ್ಟಿದ ಮೇಲೆ ಫೋನ್ ಮಾಡ್ತೀಯ’ ಎಂದು ಕೇಳಿದರೆ ಮಕ್ಕಳು ಮುಚ್ಚಿಡದೆ ಉತ್ತರ ಕೊಡುತ್ತಾರೆ.