ಊರಿನ ಕಾಗದ, ಗಣಕದ ಕಪಾಟು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಎಂದೊಡನೆ ಬಂಗಾರದ ಬಣ್ಣದ ಬುದ್ಧಮೂರ್ತಿಗಳು, ಮುಸುಕಿನ ಜೋಳದ ಹೊಲಗಳ ನಡುವಿನ ಟಿಬೆಟನ್ ಕ್ಯಾಂಪುಗಳು ಕಣ್ಣ ಮುಂದೆ ಬರುತ್ತವೆ. ಪ್ರವಾಸಿಗರ ಕಣ್ಣಿಗೆ ಬೀಳದ ಒಂದು ಕೆಲಸ 1980ರ ದಶಕದ ಕೊನೆಗೆ ಅಲ್ಲಿ ಶುರುವಾಯಿತು. 1987ರಲ್ಲಿ ಹುಟ್ಟಿದ ‘ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್’ ಎಂಬ ಯೋಜನೆಗಾಗಿ ಸೆರಾ ಮೇ ವಿಹಾರದಲ್ಲಿ ಗಣಕಯಂತ್ರಗಳು ಬಂದು ಕುಳಿತವು. ಟಿಬೆಟ್ಟಿನಿಂದ ಉಳಿದು ಬಂದ ಗ್ರಂಥಗಳನ್ನು ಪುಟಪುಟವಾಗಿ ಗಣಕಕ್ಕೆ ತುಂಬಿಸುವುದು ಕೆಲಸ. ಆಗಿನ ಯಂತ್ರಗಳಿಗೆ ಟಿಬೆಟನ್ ಲಿಪಿ ಬಾರದು. ಆದ್ದರಿಂದ ಅಕ್ಷರಗಳನ್ನು ರೋಮನ್ ಲಿಪಿಗೆ ಇಳಿಸಿ ಬೆರಳಚ್ಚು ಮಾಡಬೇಕಿತ್ತು. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆಯಾಗಿ ಕೂತು ಕುಟ್ಟುತ್ತಿದ್ದರು. ಆಮೇಲೆ ಯಂತ್ರ ಎರಡನ್ನೂ ಹೋಲಿಸಿ, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಬೆರಳಿಟ್ಟು ತೋರಿಸುತ್ತಿತ್ತು. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪವಲ್ಲವೇ? ಹೀಗೆ ತಿದ್ದಿದ ಗ್ರಂಥಗಳು ಮೊದಲು ಫ್ಲಾಪಿಗಳಲ್ಲಿ, ನಂತರ ಸೀಡಿಗಳಲ್ಲಿ ಜಗತ್ತಿನ ವಿದ್ವಾಂಸರ ಕೈ ಸೇರಿದವು.

ಪಕ್ಕದ ಹುಣಸೂರಿನಲ್ಲಿ ಗಣಕಯಂತ್ರವೇ ಅಪರೂಪವಾಗಿದ್ದ ಕಾಲವದು. ಊರು ಕಳೆದುಕೊಂಡು ಬಂದವರಿಗೆ ಒಂದು ಪ್ರತಿ ಮಾತ್ರ ಇದ್ದರೆ ಏನಾಗುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಊರು ಕಳೆದುಕೊಳ್ಳದವರಿಗೆ ಆ ಆತುರ ಇರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸ್ವಂತ ಕಾಗದಪತ್ರಗಳ, ಅಂದರೆ ಶಾಸನ, ಪತ್ರಿಕೆ, ವರದಿ, ಪಹಣಿಗಳ ಕಥೆ ಇದಕ್ಕಿಂತ ಏರುಪೇರಿನದು.

ಕಲ್ಲಿಗೆ ಕೊಟ್ಟ ವಿಳಾಸ

ಈ ಸೀಮೆಯ ಮೊದಲ ದೊಡ್ಡ ದಾಖಲೆ ಭಂಡಾರ ಕಟ್ಟಿದವರು ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿ ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂತು. ಊರೂರು ಸುತ್ತಿ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಅಚ್ಚು ತೆಗೆದು, ಓದಿ, ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಒಟ್ಟಿಗೆ ಕೊಟ್ಟ ಕೆಲಸ ಅದು. ಇದರಲ್ಲಿ ಮೆಚ್ಚಬೇಕಾದದ್ದು ಓದಿನ ಪಾಂಡಿತ್ಯ ಒಂದೇ ಅಲ್ಲ. ಪ್ರತಿ ತಾಲ್ಲೂಕಿಗೊಂದು ಕಿರುಹೆಸರು, ಆ ತಾಲ್ಲೂಕಿನ ಪ್ರತಿ ಶಾಸನಕ್ಕೊಂದು ಸಂಖ್ಯೆ ಕೊಟ್ಟದ್ದು ಅಷ್ಟೇ ದೊಡ್ಡ ಉಪಕಾರ. ನೂರಿಪ್ಪತ್ತೈದು ವರ್ಷ ಕಳೆದರೂ ಸಂಶೋಧಕರು ‘ಹುಣಸೂರು ಇಷ್ಟನೆಯದು’ ಎಂದರೆ ಸಾಕು, ಯಾವ ಕಲ್ಲೆಂಬುದು ತಿಳಿಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು, ಶಾಸನಗಳು ಹೆಚ್ಚಿದವು. ಆದರೆ ವಿಳಾಸ ಕೊಡುವ ಕ್ರಮ ಅದೇ ಉಳಿಯಿತು.

ಎಚ್.ಡಿ. ಕೋಟೆಯ ಶಾಸನಗಳಿರುವ ಪರಿಷ್ಕೃತ ಸಂಪುಟ ಅಚ್ಚಾದದ್ದು 1974ರಲ್ಲಿ. ಅದೇ ವರ್ಷ ಕಬಿನಿ ಅಣೆಕಟ್ಟು ಮುಗಿಯಿತು, ಹತ್ತೊಂಬತ್ತೂವರೆ ಟಿ.ಎಂ.ಸಿ. ಅಡಿ ನೀರು ನಿಲ್ಲುವ ಜಲಾಶಯ. ಕಪಿಲೆಯ ದಂಡೆಯ ಹಳ್ಳಿಗಳು, ಗದ್ದೆಗಳು, ಗುಡಿಗಳು ನೀರಿನಡಿ ಸೇರಿದವು. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರು ಇದೇ ಹೊಳೆಯ ದಂಡೆಯದು. ಗ್ರೀಕ್ ಭೂಗೋಳಕಾರ ಟಾಲೆಮಿ ಬೆರಿಲ್ ಎಂಬ ಹಸಿರು ರತ್ನಕ್ಕಾಗಿ ಹೆಸರಿಸಿದ ನಾಡು ಈ ಪುನ್ನಾಟ. ನೀರು ಒಂದು ಸೀಮೆಯ ನೆಲವನ್ನು ಮುಚ್ಚಿದ ವರ್ಷವೇ ಆ ಸೀಮೆಯ ಕಲ್ಲುಗಳ ಮಾತು ಪುಸ್ತಕವಾಗಿ ಬಂತು. ಇದು ಯಾರೂ ಹೂಡಿದ ಯೋಜನೆಯಲ್ಲ, ಬರೀ ಕಾಕತಾಳೀಯ.

ಈ ಸಂಪುಟಗಳು ಇಂದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸಿಕ್ಕ ಬಗೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ದೇಶದ ಲಕ್ಷಾಂತರ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. 2017ರ ಹೊತ್ತಿಗೆ ಆ ತಾಣವೇ ಮುಚ್ಚಿಹೋಯಿತು. ಅಷ್ಟರೊಳಗೆ ಕಾರ್ಲ್ ಮಾಲಮುಡ್ ಎಂಬ ಅಮೆರಿಕನ್ನರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿ ಮಾಡಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಇಟ್ಟಿದ್ದರಿಂದ ಅವು ಉಳಿದವು. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ಕನ್ನಗಾರರ ದಾಳಿಗೆ ಸಿಕ್ಕಿ ದಿನಗಟ್ಟಲೆ ಬಾಗಿಲು ಹಾಕಿತ್ತು. ಕಲ್ಲಿನ ಮೇಲಿನ ಬರಹ ಸಾವಿರ ವರ್ಷ ಮಳೆ ಬಿಸಿಲು ತಡೆದೀತು. ಗಣಕದ ಕಡತಕ್ಕೆ ಹತ್ತು ವರ್ಷವೇ ದೊಡ್ಡ ಆಯುಸ್ಸು. ಒಂದೇ ಕಡೆ ಇಟ್ಟರೆ ಅದೂ ಇಲ್ಲ.

ಚಿತ್ರವಿದೆ, ಅಕ್ಷರವಿಲ್ಲ

ಸ್ಕ್ಯಾನ್ ಎಂದರೆ ಪುಟದ ಫೋಟೊ. ಅದರಲ್ಲಿ ‘ಬೆಟ್ಟದಪುರ’ ಎಂಬ ಪದವಿರುವುದು ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಕಪ್ಪು ಬಿಳಿ ಚುಕ್ಕಿಗಳು. ಆ ಚುಕ್ಕಿಗಳನ್ನು ಅಕ್ಷರವಾಗಿ ಓದಿಸುವ ತಂತ್ರಾಂಶಕ್ಕೆ ಓಸಿಆರ್ ಎನ್ನುತ್ತಾರೆ. ಇಂಗ್ಲಿಷ್ ಪುಟವನ್ನು ಅದು ಬಹುಮಟ್ಟಿಗೆ ಸರಿಯಾಗಿ ಓದುತ್ತದೆ. ಕನ್ನಡದಲ್ಲಿ ಒತ್ತಕ್ಷರ ಮುಖ್ಯಾಕ್ಷರದ ಕೆಳಗೆ ಕೂರುತ್ತದೆ, ದೀರ್ಘ ಪಕ್ಕಕ್ಕೆ ಸರಿಯುತ್ತದೆ, ಹಳೆಯ ಅಚ್ಚುಮೊಳೆ ಸವೆದು ‘ಪ’ ಯಾವುದು ‘ಷ’ ಯಾವುದು ಎಂಬುದೇ ಗೊಂದಲ. ಈಚಿನ ವರ್ಷಗಳಲ್ಲಿ ಈ ಓದು ಬಹಳ ಸುಧಾರಿಸಿದೆ. ಆದರೂ ಊರ ಹೆಸರು, ವ್ಯಕ್ತಿಯ ಹೆಸರು ಬಂದಲ್ಲಿ ಎಡವುತ್ತದೆ. ನಿಘಂಟಿನಲ್ಲಿರುವ ಪದವನ್ನು ಊಹಿಸಬಹುದು, ಹಳ್ಳಿಯ ಹೆಸರನ್ನು ಊಹಿಸುವುದು ಹೇಗೆ? ಸ್ಥಳೀಯ ಇತಿಹಾಸ ಹುಡುಕುವವನಿಗೆ ಬೇಕಾದದ್ದು ಮಾತ್ರ ಆ ಹೆಸರೇ.

ಹೆಸರುಗಳ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ರೈಸರ ಸಂಪುಟದಲ್ಲಿ ಕೆ.ಆರ್. ನಗರವನ್ನು ಹುಡುಕಿದರೆ ಏನೂ ಸಿಗದು. ಅದು ಆಗ ಎಡತೊರೆ. ಪಿರಿಯಾಪಟ್ಟಣ ಆಗ ಹುಣಸೂರಿಗೆ ಸೇರಿದ ಉಪತಾಲ್ಲೂಕಾಗಿದ್ದುದರಿಂದ ಅದರ ಶಾಸನಗಳು ಹುಣಸೂರಿನ ಹೆಸರಿನಲ್ಲಿವೆ. ಈಚೆಗೆ ಸರಗೂರು ಎಚ್.ಡಿ. ಕೋಟೆಯಿಂದ, ಸಾಲಿಗ್ರಾಮ ಕೆ.ಆರ್. ನಗರದಿಂದ ಬೇರೆ ತಾಲ್ಲೂಕುಗಳಾಗಿವೆ. ಇನ್ನು ಇಂಗ್ಲಿಷ್ ದಾಖಲೆಗಳಲ್ಲಿ ದೊರೆಗಳ ಕಿವಿಗೆ ಬಿದ್ದಂತೆ ಕಾಗುಣಿತ: ಹೂನ್‌ಸೂರ್, ಪೆರಿಯಾಪಟಂ, ಪ್ರಿಯಪಟ್ಟಣ. ಒಂದೇ ಊರಿನ ಈ ಎಲ್ಲ ಹೆಸರುಗಳನ್ನು ಒಂದು ದಾರಕ್ಕೆ ಪೋಣಿಸುವ ಪಟ್ಟಿ ಯಾರಾದರೂ ಕೂತು ಮಾಡದ ಹೊರತು, ಇದ್ದೂ ಇಲ್ಲದ ದಾಖಲೆಗಳು ಇವು. ಆ ಪಟ್ಟಿ ಮಾಡಬಲ್ಲವರು ಊರಿನವರೇ ಹೊರತು ಸ್ಯಾನ್ ಫ್ರಾನ್ಸಿಸ್ಕೋದವರಲ್ಲ.

ಬೆಂಗಳೂರಿನ ಸ್ವಯಂಸೇವಕರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಕನ್ನಡ ಪುಸ್ತಕ, ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡುವಾಗ ಶೀರ್ಷಿಕೆ, ಲೇಖಕ, ವರ್ಷಗಳನ್ನು ಕನ್ನಡದಲ್ಲೇ ಸರಿಯಾಗಿ ನಮೂದಿಸಲು ಶ್ರಮಿಸುತ್ತಿರುವುದು ಈ ಕಾರಣಕ್ಕೇ. ಹೊರಗಿನವರಿಗೆ ಇದು ಗುಮಾಸ್ತರ ಕೆಲಸದಂತೆ ಕಂಡೀತು. ಭಂಡಾರದ ಜೀವ ಇರುವುದು ಅಲ್ಲಿಯೇ.

ಪತ್ರಿಕೆಗಳ ಪಾಡು

ಎಲ್ಲಕ್ಕಿಂತ ದುರ್ಬಲವಾದ ಕೊಂಡಿ ಸ್ಥಳೀಯ ಸುದ್ದಿ. ಮೈಸೂರು ಹಳೆಯ ಪತ್ರಿಕಾನಗರಿ. 1881ರ ‘ಮೈಸೂರು ಸ್ಟಾರ್’, ವೆಸ್ಲಿಯನ್ ಮಿಷನ್ನಿನ 1887ರ ‘ವೃತ್ತಾಂತ ಪತ್ರಿಕೆ’ಗಳಿಂದ ಹಿಡಿದು 1970ರ ದಶಕದಲ್ಲಿ ಬಂದ ‘ಆಂದೋಲನ’, ‘ಮೈಸೂರು ಮಿತ್ರ’ಗಳವರೆಗೆ ಸಾಲು ಉದ್ದವಿದೆ. ಹೊಗೆಸೊಪ್ಪಿನ ಹರಾಜಿನಲ್ಲಿ ಬೆಲೆ ಬಿದ್ದದ್ದು, ಚುಂಚನಕಟ್ಟೆಯ ದನಗಳ ಜಾತ್ರೆ, ಕಾಡಂಚಿನ ಹಳ್ಳಿಗೆ ಆನೆ ನುಗ್ಗಿದ್ದು, ಮಂಡಲ ಪಂಚಾಯಿತಿಯ ಜಗಳ ಇವೆಲ್ಲ ಬರೆದಿಟ್ಟವರು ಬಿಡಿ ಸುದ್ದಿಗಾರರು. ಇಂಥ ಸುದ್ದಿ ಬೇರೆ ಯಾವ ಪುಸ್ತಕಕ್ಕೂ ಏರುವುದಿಲ್ಲ.

1954ರ ಕಾಯ್ದೆ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯಗಳಿಗೆ ಕಳಿಸುವಂತೆ ವಿಧಿಸಿತು. 1956ರಲ್ಲಿ ಪತ್ರಿಕೆಗಳೂ ಅದರೊಳಗೆ ಬಂದವು. ನಾಲ್ಕು ಪುಟದ ತಾಲ್ಲೂಕು ಪತ್ರಿಕೆಯ ಮಾಲೀಕ, ಸಂಪಾದಕ, ಹಂಚಿಕೆದಾರ ಎಲ್ಲವೂ ಒಬ್ಬನೇ ಆದಾಗ ಅಂಚೆಖರ್ಚು ಹಾಕಿ ಕೋಲ್ಕತ್ತಕ್ಕೆ ಯಾರು ಕಳಿಸುತ್ತಾರೆ? ದೊಡ್ಡ ಪತ್ರಿಕೆಗಳದು ಇನ್ನೊಂದು ಕಥೆ. ಜಿಲ್ಲೆಗೊಂದು ಆವೃತ್ತಿ ಬಂದ ಮೇಲೆ ಹುಣಸೂರಿನ ಸುದ್ದಿ ಮೈಸೂರು ಆವೃತ್ತಿಯಲ್ಲಿ ಮಾತ್ರ ಇರುತ್ತದೆ. ಬೆಂಗಳೂರಿನ ಗ್ರಂಥಾಲಯ ಕಟ್ಟಿಡುವುದು ಬೆಂಗಳೂರು ಆವೃತ್ತಿಯನ್ನು.

‘ಗಣಕದಲ್ಲೇ ಪುಟ ಕಟ್ಟಿದ್ದಲ್ಲವೇ, ಅದಾದರೂ ಇರಬೇಕಲ್ಲ’ ಎಂದು ಕೇಳಬಹುದು. 1990ರ ದಶಕದಲ್ಲಿ ಡಿಟಿಪಿ ಬಂದಾಗ ಕನ್ನಡಕ್ಕೆ ಎಲ್ಲರೂ ಒಪ್ಪಿ ಬಳಸುವ ಸಂಕೇತ ಪದ್ಧತಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿ ಒಂದೊಂದು ಕಂಪನಿ ಒಂದೊಂದು ಬಗೆಯ ಫಾಂಟ್ ಮಾಡಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂದಿನ ಕಡತ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಬಳಕೆ ಪತ್ರಿಕಾಲಯಗಳಲ್ಲಿ ನೆಲೆಯಾಗುವಷ್ಟರಲ್ಲಿ ಹತ್ತಿಪ್ಪತ್ತು ವರ್ಷಗಳ ಸುದ್ದಿ ಇಂಥ ಸೀಡಿಗಳಲ್ಲಿ ಸಿಕ್ಕಿಕೊಂಡಿತು. ಹೀಗಾಗಿ 1920ರ ಪತ್ರಿಕೆಗಿಂತ 1998ರ ಪತ್ರಿಕೆ ಓದುವುದೇ ಕಷ್ಟವಾದ ವಿಚಿತ್ರ ಪರಿಸ್ಥಿತಿ ಇದೆ.

ಹುಲಿಯ ಕಡತ, ಮನುಷ್ಯರ ಕಡತ

ವಿಜ್ಞಾನದ ದಾಖಲೆಗಳು ತುಸು ಅದೃಷ್ಟವಂತ. ಕೃಷಿ ಸಂಶೋಧನಾ ಸಂಸ್ಥೆಗಳ ಪ್ರಬಂಧ, ವರದಿಗಳಿಗೆ ‘ಕೃಷಿಕೋಶ್’ ಎಂಬ ರಾಷ್ಟ್ರೀಯ ಭಂಡಾರವಿದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳ ದಾರಿಯಲ್ಲಿ ಕ್ಯಾಮೆರಾ ಇಟ್ಟು ಎಣಿಕೆಗೆ ಹೊಸ ದಾರಿ ತೋರಿಸಿದ್ದು ಈಗ ಜಗತ್ತಿಗೆಲ್ಲ ಗೊತ್ತು. ಮನುಷ್ಯರ ಬೆರಳಚ್ಚಿನಂತೆ ಹುಲಿಯ ಪಟ್ಟೆಯೂ ಒಂದರಂತೆ ಇನ್ನೊಂದಿಲ್ಲ. ಪ್ರತಿ ಹುಲಿಗೂ ಒಂದು ಸಂಖ್ಯೆ, ಒಂದು ಕಡತ. ಪಟ್ಟೆ ಹೋಲಿಸುವ ತಂತ್ರಾಂಶ ಬಂದ ಮೇಲೆ, ಎಲ್ಲೋ ಹಿಡಿದ ಹುಲಿಚರ್ಮವನ್ನೂ ಈ ಕಡತಗಳ ಜೊತೆ ತಾಳೆ ನೋಡಿ ಅದು ಯಾವ ಕಾಡಿನದೆಂದು ಹೇಳಬಹುದೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಅದೇ ಕಾಡಿನಲ್ಲಿ ಬಾಳಿದ ಜೇನುಕುರುಬ, ಬೆಟ್ಟಕುರುಬ, ಯರವರಿಗೆ ಇಂಥ ಕಡತವಿಲ್ಲ. ಕಾಕನಕೋಟೆಯ ಖೆಡ್ಡಾ 1971ರವರೆಗೂ ನಡೆಯಿತು. ವೈಸರಾಯ್‌ಗಳು, ಮಹಾರಾಜರು ನೋಡಲು ಬಂದದ್ದಕ್ಕೆ ಫೋಟೊಗಳಿವೆ. 1937ರ ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಲನಚಿತ್ರವೇ ಇದೆ. ಆನೆಯ ಜಾಡು ಹಿಡಿದು ಹಿಂಡನ್ನು ಹೊಳೆಗೆ ಅಟ್ಟಿದವರ ಹೆಸರು ಆ ಚಿತ್ರಗಳ ಅಡಿಯಲ್ಲಿ ಕಾಣುವುದು ಬಲು ಅಪರೂಪ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ಕೊರತೆ ಬರೀ ಇತಿಹಾಸದ ಮಾತಾಗಿ ಉಳಿಯಲಿಲ್ಲ. ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ನೆಲದಲ್ಲಿದ್ದರೆಂದು ತೋರಿಸಬೇಕು. ಅದಕ್ಕೆ ಮೊದಲು ಅಕ್ರಮವಾಗಿ ಎಬ್ಬಿಸಲ್ಪಟ್ಟವರಿಗೂ ಕಾಯ್ದೆಯಲ್ಲಿ ಹಕ್ಕಿದೆ. ಏನನ್ನು ಸಾಕ್ಷ್ಯವೆಂದು ಒಪ್ಪಬಹುದೆಂದು ನಿಯಮ 13 ಹೇಳುತ್ತದೆ: ಗ್ಯಾಸೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಸರ್ಕಾರಿ ಸಮಿತಿಗಳ ವರದಿ, ಮನೆ, ಬಾವಿ, ಸ್ಮಶಾನ, ದೇವರ ಜಾಗ, ಮತ್ತು ಹಿರಿಯರ ಹೇಳಿಕೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ರೈಸರ ಗ್ಯಾಸೆಟಿಯರ್, 1920ರ ದಶಕದ ಕೊನೆಗೆ ಬಂದ ಹಯವದನರಾಯರ ಗ್ಯಾಸೆಟಿಯರ್, ಹಳೆಯ ಅರಣ್ಯ ವರದಿಗಳು ಹಾಡಿಯ ಯುವಕನ ಮೊಬೈಲಿಗೇ ಬರುವಂತಾಗಿದ್ದು ಗಣಕ ಭಂಡಾರಗಳಿಂದ. ಹಿಂದೆ ಇದಕ್ಕಾಗಿ ಮೈಸೂರು, ಬೆಂಗಳೂರಿನ ಗ್ರಂಥಾಲಯಗಳಿಗೆ ಹೋಗಿ ಅನುಮತಿ ಕೇಳಿ ನಿಲ್ಲಬೇಕಿತ್ತು. ಆದರೆ ಆ ಪುಟಗಳಲ್ಲಿ ಇರುವುದು ಕಾಡನ್ನು ಆಳಿದವರ ಕಣ್ಣಿಗೆ ಕಂಡಷ್ಟು. ಹಾಡಿಯ ಹೆಸರು ಕೆಲವೆಡೆ ಇದೆ, ಕುಟುಂಬಗಳ ಹೆಸರಿಲ್ಲ.

ನಾಗರಹೊಳೆಯಿಂದ ಹೊರಬಂದವರ ಬಗ್ಗೆ ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳನ್ನು ಗುರುತಿಸಿತು. ಎಣಿಕೆ ಎಂಬುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಈ ವರದಿಯೇ ಉದಾಹರಣೆ. ಅದಕ್ಕೆ ಮೊದಲು ಅವರು ‘ಕೆಲವರು’, ‘ಹಲವರು’ ಆಗಿದ್ದರು.

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಆಕಾರ್‌ಬಂದ್, ಟಿಪ್ಪಣಿ, ಮಂಜೂರಾತಿ ಕಡತಗಳು ಬಟ್ಟೆಗಂಟುಗಳಲ್ಲಿ ಕೂತಿವೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಚಾಲ್ತಿ ಪಹಣಿಯನ್ನಷ್ಟೇ ಗಣಕಕ್ಕೆ ಏರಿಸಿತು, ಹಿಂದಿನ ಕಾಗದವನ್ನಲ್ಲ. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಈ ಹಳೆಯ ಗಂಟುಗಳನ್ನೇ ಬಿಚ್ಚಿ ಸ್ಕ್ಯಾನ್ ಮಾಡಲಾಗುತ್ತಿದೆ. ಕಡತ ಮಾಯವಾಯಿತು, ಹಾಳೆ ಬದಲಾಯಿತು ಎಂಬ ಹಳೆಯ ದೂರಿಗೆ ಇದು ದೊಡ್ಡ ತಡೆಯಾದೀತು. ನಿಯಮ 13ರ ಕೊನೆಯ ಸಾಕ್ಷ್ಯವಾದ ಹಿರಿಯರ ಹೇಳಿಕೆ ಮಾತ್ರ ಯಾವ ರೆಕಾರ್ಡ್ ರೂಮಿನಲ್ಲೂ ಇಲ್ಲ. ಅದು ಜೇನುಕುರುಬ ನುಡಿಯಲ್ಲಿ, ಎಪ್ಪತ್ತು ಎಂಬತ್ತು ದಾಟಿದವರ ಬಾಯಲ್ಲಿ ಇದೆ. ಯಾವ ಮರದಡಿ ದೇವರಿತ್ತು, ಯಾವ ಹಳ್ಳದ ಪಕ್ಕ ಗೋರಿಗಳಿದ್ದವು, ಯಾರ ಗುಡಿಸಲ ಆಚೆ ಯಾರ ಗುಡಿಸಲು ಎಂದು ಹೇಳಬಲ್ಲವರು ಹಾಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.